ಲಾ ಡೀಗ್ ದ್ವೀಪದ ಕೊಬ್ಬರಿ ಗೂಡು

ಮೊದಲು ಮೂಗಿಗೆ ಬಡಿದದ್ದು ವಾಸನೆ. ಕರಟ ಉರಿಯುವ ಹೊಗೆ, ಅದರೊಳಗೆ ಬೆಚ್ಚಗಾದ ಎಣ್ಣೆಯ ಸಿಹಿ. ಸೈಕಲ್ಲಿನ ಬ್ರೇಕ್ ಹಿಡಿದು ನಿಂತುಬಿಟ್ಟೆ. ಹಿಂದೆ ಬರುತ್ತಿದ್ದ ನನ್ನ ಹೆಂಡತಿಯೂ ನಿಂತಳು. "ರೀ, ಇದು ನಮ್ಮ ಮನೆ ವಾಸನೆ," ಎಂದಳು. ತಿಪಟೂರಿನ ಪಕ್ಕದ ಹಳ್ಳಿಯಲ್ಲಿ, ಅಟ್ಟದ ತುಂಬ ತೆಂಗಿನಕಾಯಿ ಪೇರಿಸಿದ ಮನೆಯಲ್ಲಿ ಹುಟ್ಟಿದವನು ನಾನು. ಆ ಮನೆಗೇ ಸೊಸೆಯಾಗಿ ಬಂದವಳು ಅವಳು. ಹಿಂದೂ ಮಹಾಸಾಗರದ ನಡುವೆ, ಆಫ್ರಿಕಾ ಕಡೆಯ ಒಂದು ಪುಟ್ಟ ದ್ವೀಪದಲ್ಲಿ ಆ ವಾಸನೆ ನಮಗಾಗಿ ಕಾದು ಕೂತಿರುತ್ತದೆ ಎಂದು ಇಬ್ಬರೂ ಎಣಿಸಿರಲಿಲ್ಲ.

ನಮ್ಮ ಮದುವೆಯಾಗಿ ಮೂವತ್ತು ವರ್ಷ ತುಂಬಿತೆಂದು ಮಗ ಕೊಡಿಸಿದ ಪ್ರವಾಸ ಇದು. ಸೇಶೆಲ್ಸ್ ದೇಶದ ಲಾ ಡೀಗ್ ದ್ವೀಪ, ಗುಡ್ಡದ ಮಗ್ಗುಲಲ್ಲಿ ಒಂದು ವಿಲ್ಲಾ, ಆರು ರಾತ್ರಿ. ಇಡೀ ದ್ವೀಪ ಸುಮಾರು ಹತ್ತು ಚದರ ಕಿಲೋಮೀಟರ್ ಅಷ್ಟೇ. ಮೋಟಾರು ವಾಹನಗಳು ಕಡಿಮೆ. ಶಾಲೆಯ ಮಕ್ಕಳಿಂದ ಹಿಡಿದು ಮುದುಕರವರೆಗೆ ಎಲ್ಲರೂ ಸೈಕಲ್ಲಿನಲ್ಲೇ.

ತಲುಪಿದ ಬಗೆಯನ್ನು ಹೇಳಲೇಬೇಕು, ಏಕೆಂದರೆ ಆ ಸಿಟ್ಟು ಇನ್ನೂ ಆರಿಲ್ಲ. ವಿಮಾನ ಇಳಿಯುವುದು ಮಾಹೆ ದ್ವೀಪದಲ್ಲಿ. ಅಲ್ಲಿಂದ ವಿಕ್ಟೋರಿಯಾದ ದೋಣಿಕಟ್ಟೆಗೆ ಹೋಗಿ, ಪ್ರಾಲಿನ್ ದ್ವೀಪಕ್ಕೆ ಸುಮಾರು ಒಂದು ಗಂಟೆ ಹಡಗಿನಲ್ಲಿ ಸಾಗಿ, ಅಲ್ಲಿಂದ ಮತ್ತೆ ಕಾಲು ಗಂಟೆ ದಾಟಿದರೆ ಲಾ ಡೀಗ್. ನಮಗೆ ಟಿಕೆಟ್ ಮಾಡಿಕೊಟ್ಟ ಬೆಂಗಳೂರಿನ ಏಜೆಂಟರು ವಿಮಾನ ಸಂಜೆ ಇಳಿಯುವಂತೆ ಮಾಡಿದ್ದರು. ಇಳಿಯುವಷ್ಟರಲ್ಲಿ ಕೊನೆಯ ಹಡಗು ಹೊರಟುಹೋಗಿತ್ತು. ಮಾಹೆಯಲ್ಲಿ ಒಂದು ರಾತ್ರಿಯ ಕೋಣೆಗೆ ಬೇರೆ ಹಣ ಕೊಟ್ಟೆವು. ಮಲಗದೇ ಇದ್ದ ವಿಲ್ಲಾಕ್ಕೂ ಆ ರಾತ್ರಿಯ ಬಾಡಿಗೆ ತೆತ್ತೆವು. ಹೋಗುವವರು ಮೊದಲು ಹಡಗಿನ ವೇಳೆ ನೋಡಿಕೊಳ್ಳಿ, ಆಮೇಲೆ ವಿಮಾನದ ಟಿಕೆಟ್ ತೆಗೆಯಿರಿ. ನಾವು ಹೋದದ್ದು ಆಗಸ್ಟಿನಲ್ಲಿ. ಆಗ್ನೇಯ ಮಾರುತ ಬೀಸುವ ಕಾಲ, ಕಡಲು ಕುದಿಯುತ್ತಿತ್ತು. ಹೊಟ್ಟೆ ತೊಳಸುವವರು ಹಡಗಿನ ಹಿಂಭಾಗದಲ್ಲಿ ಕೂರುವುದು ಒಳ್ಳೆಯದು.

ವಿಲ್ಲಾ ಚೆನ್ನಾಗಿತ್ತು. ಸುರಹೊನ್ನೆ ಮರದ ಕೆಳಗೆ, ಆಕಾಶ ಕಾಣುವಂತೆ ಕಟ್ಟಿದ ಬಚ್ಚಲು ನನಗೆ ಬಹಳ ಹಿಡಿಸಿತು. ಆ ಮರಕ್ಕೆ ಅವರು ತಕಮಕ ಎನ್ನುತ್ತಾರೆ. ಸಂಜೆಯಾದರೆ ದೊಡ್ಡ ಬಾವಲಿಗಳು ಹಣ್ಣಿನ ಮರಗಳಿಗೆ ಬಂದು ಎರಗುತ್ತಿದ್ದವು. ಅಂಗಳದ ಈಜುಕೊಳ ಮಾತ್ರ ನನ್ನ ಕಣ್ಣಿಗೆ ಅನವಶ್ಯಕ. ಐದು ನಿಮಿಷ ಇಳಿದರೆ ಕಡಲಿರುವಾಗ, ಸಿಹಿನೀರಿನ ಬೆಲೆ ಬಲ್ಲ ದ್ವೀಪದಲ್ಲಿ ಎರಡೇ ಜನರಿಗೆ ಅಷ್ಟು ನೀರು ತುಂಬಿಡುವುದು ಸರಿಯೆನಿಸಲಿಲ್ಲ. ಬೆಳಗಿನ ತಿಂಡಿಗೆ ಹೊರದೇಶದ ಸೇಬು, ಪೊಟ್ಟಣದ ಜಾಮ್ ಬರುತ್ತಿತ್ತು. ಎರಡನೆಯ ದಿನ ನನ್ನ ಹೆಂಡತಿ ಮನೆ ನೋಡಿಕೊಳ್ಳುವ ಹೆಂಗಸಿನ ಹತ್ತಿರ "ನಿಮ್ಮ ಮನೆಯಲ್ಲಿ ಮಾಡುವುದನ್ನು ಕೊಡಿ ತಾಯಿ" ಎಂದಳು. ಆಮೇಲೆ ಬಂದದ್ದು ಕರಿದ ಜೀಗುಜ್ಜೆ, ಮತ್ತು ಲಾದೋಬ್. ಬಾಳೆಹಣ್ಣನ್ನು ತೆಂಗಿನಹಾಲಿನಲ್ಲಿ ಬೇಯಿಸಿ, ಜಾಯಿಕಾಯಿ, ವೆನಿಲ್ಲಾ ಹಾಕಿದ ಸಿಹಿ. ನಮ್ಮ ರಸಾಯನದ ತಂಗಿ ಎನ್ನಬಹುದು. ಸೇಶೆಲ್ಸ್‌ನಲ್ಲಿ ಜೀಗುಜ್ಜೆ ತಿಂದವರು ಮತ್ತೆ ಅಲ್ಲಿಗೆ ಬಂದೇ ಬರುತ್ತಾರೆಂಬ ನಂಬಿಕೆ ಇದೆಯಂತೆ.

ಆನ್ಸ್ ಸೂರ್ಸ್ ದಾರ್ಜಾನ್ ಎಂಬ ಜಗತ್ಪ್ರಸಿದ್ಧ ಕಡಲತೀರವನ್ನೂ ನೋಡಿದೆವು. ಅಲ್ಲಿಯ ಬಂಡೆಗಳು ಸುಮಾರು 75 ಕೋಟಿ ವರ್ಷ ಹಳೆಯ ಗ್ರಾನೈಟ್. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭಾರತದ ನೆಲದಿಂದ ಕಳಚಿಕೊಂಡು ಹಿಂದೆ ಉಳಿದ ತುಂಡು ಇದು. ಬಂಡೆಗಳು ನಿಜಕ್ಕೂ ಚೆಂದ. ಆದರೆ ಆ ತೀರಕ್ಕೆ ಹೋಗುವ ಸಾಮಾನ್ಯ ದಾರಿ ಲ್ಯೂನಿಯನ್ ಎಸ್ಟೇಟ್ ಎಂಬ ಹಳೆಯ ತೆಂಗಿನ ತೋಟದ ನಡುವೆ ಸಾಗುತ್ತದೆ. ನಾನು ಬ್ರೇಕ್ ಹಿಡಿದು ನಿಂತದ್ದು ಅಲ್ಲಿಯೇ.

ತೋಟದಲ್ಲಿ ಎತ್ತು ಕಟ್ಟುವ ಗಾಣವಿದೆ. ನಮ್ಮ ಕಡೆಯ ಗಾಣದ ಹಾಗೆಯೇ ಒರಳು, ಒನಕೆ, ನೊಗ. ಪಕ್ಕದಲ್ಲಿ ಗೂಡು: ಕೆಳಗೆ ಮಟ್ಟೆ, ಕರಟದ ಬೆಂಕಿ, ಮೇಲೆ ಹಾಸಿದ ಜಾಲರಿಯ ತುಂಬ ಕಾಯಿಯ ಹೋಳುಗಳು. ಅದರ ಹತ್ತಿರ ಮರದ ಬೊಡ್ಡೆಯ ಮೇಲೆ ಒಬ್ಬ ಹಿರಿಯರು ಕೂತಿದ್ದರು. ಗೂಡಿನೊಳಗೆ ನಾನು ತಲೆ ಹಾಕಿದ್ದನ್ನು ನೋಡಿ, "ಕೊಪ್ರಾ," ಎಂದರು.

"ಕೊಬ್ಬರಿ," ಎಂದೆ ನಾನು.

ಅವರು ತಿದ್ದಿದರು: "ಕೊಪ್ರಾ." ನಾನು ಮತ್ತೆ "ಕೊಬ್ಬರಿ" ಎಂದು, ಇದು ನನ್ನ ಊರಿನ ಮಾತು, ನಮ್ಮದೂ ಇದೇ ಕಸುಬು ಎಂದು ಬಿಡಿಸಿ ಹೇಳಿದೆ. ಹಿರಿಯರು ಸರಿದು ಬೊಡ್ಡೆಯ ಮೇಲೆ ಜಾಗ ಮಾಡಿಕೊಟ್ಟರು. ಅವರಿಗೆ ಕ್ರಿಯೋಲ್ ಮನೆಮಾತು, ಇಂಗ್ಲಿಷ್ ಸಾಕಷ್ಟು ಬರುತ್ತಿತ್ತು. ಒಂದೂವರೆ ಗಂಟೆ ಅಲ್ಲೇ ಕೂತೆವು.

"ನಿಮ್ಮಲ್ಲಿ ಗೂಡು ಎಷ್ಟು ದೊಡ್ಡದು?" ಎಂಬುದು ಅವರ ಮೊದಲ ಪ್ರಶ್ನೆ. ನಮ್ಮಲ್ಲಿ ಗೂಡೇ ಇಲ್ಲ, ಕಾಯಿಯನ್ನು ಒಡೆಯುವುದೂ ಇಲ್ಲ ಎಂದಾಗ ಅವರು ನಂಬಲಿಲ್ಲ. ಬಲಿತ ಕಾಯಿಯನ್ನು ಮಟ್ಟೆಯ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ; ಒಳಗಿನ ನೀರು ತಾನಾಗಿ ಇಂಗುತ್ತದೆ; ತಿರುಳು ಕರಟದಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ; ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಸದ್ದು ಬರುತ್ತದೆ ಎಂದು ಹೇಳಿದೆ. ಅವರು ತಲೆಯಾಡಿಸುತ್ತಲೇ ಇದ್ದರು. "ಒಂದು ವರ್ಷ ಬಿಟ್ಟರೆ ಕಾಯಿ ಮೊಳೆಯುತ್ತದೆ."

"ನಮ್ಮದು ಒಣಸೀಮೆ. ನಿಮ್ಮ ಹಾಗೆ ಗಾಳಿಯಲ್ಲಿ ನೀರಿಲ್ಲ," ಎಂದೆ. ಅಷ್ಟಕ್ಕೂ ಒಪ್ಪದಿದ್ದಾಗ ನನ್ನ ಹೆಂಡತಿ ಊರಿಗೆ ಫೋನ್ ಮಾಡಿದಳು. ಸ್ವಲ್ಪ ಹೊತ್ತಿಗೆ ನನ್ನ ತಮ್ಮ ಅಟ್ಟದ ಫೋಟೋ ಕಳಿಸಿದ, ಜೊತೆಗೆ ಕಾಯಿ ಅಲ್ಲಾಡಿಸುವ ವಿಡಿಯೋ. ಹಿರಿಯರು ಮೊಬೈಲನ್ನು ಕಿವಿಗೆ ಒತ್ತಿಕೊಂಡು ಮೂರು ಸಲ ಕೇಳಿದರು. ಆಮೇಲೆ ಕೇಳಿದ್ದು ಒಂದೇ ಮಾತು: "ಇಲಿ?"

ಅದನ್ನು ಕೇಳಿ ನನಗೆ ಗಂಟಲು ಕಟ್ಟಿತು. ಕೊಬ್ಬರಿಯ ಮನೆಯಲ್ಲಿ ಬೆಳೆದವರು ಮಾತ್ರ ಕೇಳುವ ಪ್ರಶ್ನೆ ಅದು. ರಾತ್ರಿ ಅಟ್ಟದಲ್ಲಿ ಸದ್ದಾದರೆ ನಮ್ಮ ಅಪ್ಪ ಕೋಲು ಹಿಡಿದು ಏಣಿ ಹತ್ತುತ್ತಿದ್ದರು. ಅದನ್ನು ಹೇಳಿದೆ. ತಮ್ಮ ತಂದೆಯೂ ಗೋದಾಮಿನಲ್ಲಿ ಹಾಗೆಯೇ ಕಾವಲು ಮಲಗುತ್ತಿದ್ದರು ಎಂದರು ಅವರು.

ಹುಡುಗರಾಗಿದ್ದಾಗ ಅವರ ಕೆಲಸ ಕಾಯಿ ಆಯುವುದು. ಗಂಡಸರು ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕುಕ್ಕಿ ಮಟ್ಟೆ ಸುಲಿಯುತ್ತಿದ್ದರು, ಹೆಂಗಸರು ತಿರುಳು ಬಿಡಿಸುತ್ತಿದ್ದರು. ದಿನಕ್ಕೆ ಇಷ್ಟೆಂದು ಲೆಕ್ಕ ಕಟ್ಟಿರುತ್ತಿತ್ತು. ಮುಗಿಯದೆ ಮನೆಗೆ ಹೋಗುವಂತಿರಲಿಲ್ಲ. ಅವರ ಹಿರಿಯರು ಆಫ್ರಿಕಾದಿಂದ ಗುಲಾಮರಾಗಿ ಬಂದವರು. ಈ ದ್ವೀಪಗಳಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1835ರಲ್ಲಿ. "ಆಮೇಲೂ ತೋಟ ಧಣಿಗಳದೇ, ಕಾಯಿ ಧಣಿಗಳದೇ," ಎಂದರು ಹಿರಿಯರು. ನಮ್ಮ ತೋಟ ನಮ್ಮದಾಗಿತ್ತು. ಆ ವ್ಯತ್ಯಾಸ ದೊಡ್ಡದು. ನಾನು ಸುಮ್ಮನೆ ಕೇಳಿಸಿಕೊಂಡೆ.

ತಾಯಿಯ ಕೈ ಹೇಗಿತ್ತೆಂದು ತೋರಿಸಲು ಅವರು ತಮ್ಮ ಎಡ ಅಂಗೈಯ ಮೇಲೆ ಉಗುರಿನಿಂದ ಅಡ್ಡಡ್ಡ ಗೆರೆ ಎಳೆದರು. ನನ್ನ ಹೆಂಡತಿ ಮಾತಿಲ್ಲದೆ ತನ್ನ ಎಡಗೈ ಚಾಚಿದಳು. ಮದುವೆಯಾದ ಹೊಸದರಲ್ಲಿ ನಮ್ಮ ಅಮ್ಮನ ಜೊತೆ ಕೂತು ಕರಟ ಬಿಡಿಸುವಾಗ ಕತ್ತಿ ಜಾರಿದ ಗಾಯದ ಗುರುತು ಹೆಬ್ಬೆರಳಿನ ಬುಡದಲ್ಲಿದೆ. ಹಿರಿಯರು ಟೋಪಿ ತೆಗೆದು ಅದನ್ನು ನೋಡಿದರು.

"ಮತ್ತೆ ಈ ಕಸುಬು ನಿಂತುಹೋದದ್ದು ಹೇಗೆ?" ಎಂದು ಕೇಳಿದೆ.

"ವಿಮಾನ ಬಂತು," ಎಂದರು. ಮಾಹೆಯಲ್ಲಿ ವಿಮಾನ ನಿಲ್ದಾಣ ಶುರುವಾದದ್ದು 1971ರಲ್ಲಿ. ಹೋಟೆಲು ಕಟ್ಟುವ ಕೆಲಸಕ್ಕೆ ಕೂಲಿ ಹೆಚ್ಚು ಸಿಕ್ಕಿತು, ಹುಡುಗರು ತೋಟ ಬಿಟ್ಟರು. "ಕಾಯಿ ಬಿದ್ದಲ್ಲೇ ಮೊಳೆಯತೊಡಗಿತು." ಈ ಗೂಡನ್ನು ಈಗ ನಮ್ಮಂಥ ಪ್ರವಾಸಿಗರಿಗೆ ತೋರಿಸಲು ಉರಿಸುತ್ತಾರೆ.

ಕೊಬ್ಬರಿಯ ದರ ಕೇಳಿದರು. ಆ ವಾರ ತಿಪಟೂರು ಮಾರುಕಟ್ಟೆಯಲ್ಲಿ ಕ್ವಿಂಟಾಲಿಗೆ ಇದ್ದ ದರವನ್ನು ರೂಪಾಯಿಯಲ್ಲಿ ಹೇಳಿದೆ. "ನಮ್ಮದೂ ರೂಪಾಯಿಯೇ," ಎಂದು ನೋಟು ತೆಗೆದು ತೋರಿಸಿದರು. ಲೆಕ್ಕ ಹಾಕಿ ಹುಬ್ಬೇರಿಸಿದರು.

ಹೊರಡುವಾಗ ಜಾಲರಿಯಿಂದ ಒಂದು ಹೋಳು ಆಯ್ದು ಕೊಟ್ಟರು. ನಮ್ಮ ಅಪ್ಪ ಕೊಬ್ಬರಿ ಮಂಡಿಯಲ್ಲಿ ಮಾಡುತ್ತಿದ್ದ ಹಾಗೆ ಮುರಿದೆ, ಟಪ್ಪನೆ ಮುರಿಯಿತು. ಮೂಸಿದೆ. ಅಂಚಿನಲ್ಲಿ ಒಂದಿಷ್ಟು ಹೊಗೆ, ಒಳಗೆ ಹಾಲಿನಷ್ಟು ಬಿಳುಪು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದು, "ಮೊದಲ ದರ್ಜೆ," ಎಂದೆ.

"ಅದು ನನಗೆ ಗೊತ್ತು," ಎಂದು ಬೆಂಕಿಗೆ ಇನ್ನೆರಡು ಕರಟ ಹಾಕಿದರು.