ಸುರಂಗದ ನೀರು, ಅಪ್ಪನ ಸಿ.ಟಿ.

2024 ಮಾರ್ಚ್ 12, ಮಂಗಳವಾರ
ಬದಿಯಡ್ಕ (ಕೇರಳದ ಕಾಸರಗೋಡು ಜಿಲ್ಲೆ)

ಬೆಳಗ್ಗೆ ಆರಕ್ಕೇ ಅಪ್ಪ ಬಿಳಿ ಪಂಚೆ ಉಟ್ಟು ಜಗಲಿಯಲ್ಲಿ ಕೂತಿದ್ದರು. ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದರಿಂದ ಚಹಾ ಇಲ್ಲ. ಚಹಾ ಕುಡಿಯದ ಅಪ್ಪನ ಮುಖ ಹೇಗಿರುತ್ತದೆ ಅಂತ ನಮ್ಮ ಮನೆಯವರಿಗೆ ಮಾತ್ರ ಗೊತ್ತು.

ಹೋದ ವಾರ ಒಮ್ಮೆ ಮೂತ್ರದಲ್ಲಿ ರಕ್ತ ಕಂಡಿತ್ತು. ಅಮ್ಮ ಕೂಡಲೇ ಬಾಳೆದಿಂಡಿನ ರಸ ಶುರುಮಾಡಿದರು. ಅಲ್ಟ್ರಾಸೌಂಡಿನಲ್ಲಿ ಎಡ ಕಿಡ್ನಿ ಸ್ವಲ್ಪ ಊದಿದೆ ಅಂತಷ್ಟೇ ಬಂತು, ಕಲ್ಲು ಕಾಣಲಿಲ್ಲ. ಆಮೇಲೆ ಸಿ.ಟಿ. ಯುರೋಗ್ರಾಮ್, ಅಂದರೆ ಮೂತ್ರದ ದಾರಿಯ ಸ್ಕ್ಯಾನ್, ಮಾಡಿಸಿ ಅಂದಾಗ, ದುಡ್ಡು ಕೀಳುವ ಉಪಾಯವಾ ಅಂತ ನನಗೇ ಅನುಮಾನ ಬಂದಿತ್ತು. ಡಾಕ್ಟರು ಕೂರಿಸಿ ಬಿಡಿಸಿ ಹೇಳಿದರು. ಕಿಡ್ನಿಯಿಂದ ಮೂತ್ರಚೀಲಕ್ಕೆ ಇಳಿಯುವ ನಾಳ ಸುಮಾರು 25 ಸೆಂ.ಮೀ. ಉದ್ದ. ಕರುಳಿನ ಗಾಳಿ ಅಡ್ಡ ಬರುವುದರಿಂದ ಅದರ ನಡುಭಾಗ ಅಲ್ಟ್ರಾಸೌಂಡಿಗೆ ಸರಿಯಾಗಿ ಸಿಕ್ಕುವುದಿಲ್ಲ. ಕಲ್ಲು ಮಾತ್ರ ಹುಡುಕುವುದಾದರೆ ಸಾದಾ ಸಿ.ಟಿ. ಸಾಕು. ಈ ವಯಸ್ಸಿನಲ್ಲಿ ರಕ್ತ ಬಂದರೆ ಗಡ್ಡೆಗಿಡ್ಡೆ ಇದೆಯೋ ಅಂತ ನಾಳದ ಒಳಗೋಡೆಯನ್ನೂ ನೋಡಲೇಬೇಕು. ಅದಕ್ಕೆ ಅಯೋಡಿನ್ ಇರುವ ಔಷಧಿಯನ್ನು ಕೈಯ ರಕ್ತನಾಳಕ್ಕೆ ಕೊಡುತ್ತಾರೆ. ಕಿಡ್ನಿ ಅದನ್ನು ಸೋಸಿ ಕೆಳಗೆ ಬಿಡುತ್ತದೆ. ಅದು ಇಳಿಯುವ ದಾರಿಯೆಲ್ಲ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ.

ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ನಮ್ಮಲ್ಲಿ ದಂಬೆಯಲ್ಲಿ, ಅಂದರೆ ಸೀಳಿದ ಮರದ ಕಾಲುವೆಯಲ್ಲಿ, ಹರಿದು ಟಾಂಕಿಗೆ ಬೀಳುತ್ತದೆ. ಅಪ್ಪ ಡಾಕ್ಟರು ಹೇಳಿದ್ದಷ್ಟನ್ನೂ ಒಂದೇ ಮಾತಿಗೆ ಇಳಿಸಿದರು. "ಸುರಂಗದ ನೀರು ಟಾಂಕಿಗೆ ಯಾಕೆ ಕಡಿಮೆ ಬೀಳ್ತದೆ ಅಂತ ದಂಬೆಯುದ್ದಕ್ಕೂ ನೋಡಿಕೊಂಡು ಬಂದ ಹಾಗೆ, ಅಲ್ವಾ?" ಹೌದು ಅಪ್ಪಾ, ಅದೇ.

ಒಪ್ಪಿಗೆ ಪತ್ರ ಮಲಯಾಳ, ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಅಪ್ಪ ಸಂತೆಯಲ್ಲಿ ಮಲಯಾಳದಲ್ಲೇ ಚೌಕಾಸಿ ಮಾಡುತ್ತಾರೆ, ಓದಲು ಬರುವುದಿಲ್ಲ. ಕನ್ನಡದವರೇ ಇಷ್ಟು ಜನ ಬರುವ ಜಾಗದಲ್ಲಿ ಒಂದು ಹಾಳೆ ಕನ್ನಡದಲ್ಲಿ ಅಚ್ಚು ಹಾಕಿಸಲು ಎಷ್ಟು ಖರ್ಚಾದೀತು? ನಾನೇ ಒಂದೊಂದಾಗಿ ಓದಿ ಹೇಳಿದೆ. ಅಲರ್ಜಿ ಉಂಟಾ? ಉಬ್ಬಸ? ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ತೀರಾ? ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ರಿಪೋರ್ಟು ಕೇಳಿದರು. ಕಿಡ್ನಿಯೇ ಸೋತಿದ್ದರೆ ಔಷಧಿಯನ್ನು ಹೊರಹಾಕುವುದು ಯಾರು, ಅದಕ್ಕೆ.

ಒಟ್ಟು ಮೂರು ಸಲ ಚಿತ್ರ ತೆಗೆದರು. ಔಷಧಿಗೆ ಮುಂಚೆ ಒಮ್ಮೆ, ಕೊಟ್ಟ ಸ್ವಲ್ಪ ಹೊತ್ತಿಗೆ ಒಮ್ಮೆ, ಅದು ನಾಳಕ್ಕೆ ಇಳಿಯಲಿ ಅಂತ ಹತ್ತು ನಿಮಿಷ ಕಾದು ಮತ್ತೊಮ್ಮೆ. ಔಷಧಿ ಹೋಗುವಾಗ ಮೈ ಬಿಸಿಯಾಗುತ್ತದೆ ಅಂತ ಟೆಕ್ನೀಷಿಯನ್ ಹುಡುಗ ತುಳುವಿನಲ್ಲಿ ಮೊದಲೇ ಹೇಳಿದ್ದ. ಆದರೂ ಅಪ್ಪ ಹೊರಗೆ ಬಂದವರೇ ನನ್ನನ್ನು ಮೂಲೆಗೆ ಕರೆದರು. "ಹಿಂದೆ ನೋಡು, ಒದ್ದೆಯಾಗಿದೆಯಾ?" ಏನೂ ಆಗಿರಲಿಲ್ಲ. ಹೊಟ್ಟೆಯ ಕೆಳಗೆ ಬಿಸಿ ಏರಿ ಹಾಗೆ ಅನಿಸುವುದು ಮಾಮೂಲಂತೆ. "ಬಾಯಿಯೂ ತಾಮ್ರದ ತಂಬಿಗೆ ನೆಕ್ಕಿದ ಹಾಗಾಯ್ತು" ಅಂದರು.

ದಾರಿಯಲ್ಲಿ ಕಾರು ನಿಲ್ಲಿಸಿ ಎರಡು ಚಹಾ. ನೀರು ಜಾಸ್ತಿ ಕುಡಿಯಲು ಹೇಳಿದ್ದಾರೆ, ಈಗ ತಂಬಿಗೆ ಪಕ್ಕದಲ್ಲೇ ಇದೆ. ರಿಪೋರ್ಟು ನಾಳೆ. ಚಿತ್ರಗಳ ಸಿ.ಡಿ. ಇವತ್ತೇ ಕೊಟ್ಟರು, ಆದರೆ ಅದನ್ನು ಹಾಕಿ ನೋಡುವ ಯಂತ್ರ ಮನೆಯಲ್ಲಿಲ್ಲ. ಅಪ್ಪ ಅದನ್ನು ದೀಪಕ್ಕೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.