ಮಾಲು ಇಲ್ಲದ ದಿನದ ಸೊನ್ನೆ

ಕಾರವಾರದ ಕಿರಾಣಿ ಅಂಗಡಿಗಳ ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಲೆಕ್ಕ ಬಿದ್ದಿರುತ್ತದೆ. ಜಿಎಸ್‌ಟಿ ತುಂಬಿದ ಮೇಲೆ ಅದನ್ನು ಯಾರೂ ತೆರೆಯುವುದಿಲ್ಲ. ಅದೇ ಲೆಕ್ಕ ಹಿಡಿದು ಖರೀದಿ ಮಾಡಲು ಹೊರಟವರು ಮೊದಲು ಎಡವುವುದು ಸೊನ್ನೆಯಲ್ಲಿ.

ಒಂದು ಲೀಟರಿನ ತೆಂಗಿನೆಣ್ಣೆ ಪ್ಯಾಕೆಟ್ ಜೂನ್‌ನಲ್ಲಿ 120 ಹೋಯಿತು ಅಂದುಕೊಳ್ಳಿ. 30ರಿಂದ ಭಾಗಿಸಿದರೆ ದಿನಕ್ಕೆ 4. ಆದರೆ ಅದರಲ್ಲಿ 10 ದಿನ ಕಪಾಟು ಖಾಲಿ ಇತ್ತು, ಆ ದಿನಗಳ ಮಾರಾಟ ಸೊನ್ನೆ. ಗಿರಾಕಿ ಬಂದು ಕೇಳಿ ಬರಿಗೈಯಲ್ಲಿ ಹೋದದ್ದು ಯಾವ ಬಿಲ್ಲಿನಲ್ಲೂ ಇಲ್ಲ. ಮಾಲು ಇದ್ದದ್ದು 20 ದಿನ, ಹಾಗಾಗಿ ಬೇಡಿಕೆ ದಿನಕ್ಕೆ 6. ನಾಲ್ಕನ್ನೇ ನಂಬಿ ತರಿಸಿದರೆ ಮುಂದಿನ ತಿಂಗಳೂ ಕಪಾಟು ಖಾಲಿಯಾಗುತ್ತದೆ, ಸರಾಸರಿ ಮತ್ತೂ ಇಳಿಯುತ್ತದೆ. ಓಡುವ ಮಾಲನ್ನು ಅಂಗಡಿಯೇ ಹೀಗೆ ಕೊಲ್ಲುತ್ತದೆ. ಗಲ್ಲೆಯ ಪಕ್ಕ ಒಂದು ವಹಿ ಇಡಿ: ತಾರೀಕು, ‘ಇಲ್ಲ’ ಎಂದ ಮಾಲು, ಎಷ್ಟು ಕೇಳಿದರು. ಶುರುವಿಗೆ 20 ಐಟಂ ಸಾಕು.

ಇನ್ನು ಮರು ಆರ್ಡರ್. ದಿನದ ಬೇಡಿಕೆಯನ್ನು ಮಾಲು ಬರುವ ದಿನಗಳಿಂದ ಗುಣಿಸಿ, ಮುನ್ನೆಚ್ಚರಿಕೆಗೆ ಎರಡು ದಿನದ ಮಾಲು ಸೇರಿಸಿ. ಕಪಾಟಿನಲ್ಲಿ ಅಷ್ಟು ಉಳಿದಾಗ ಆರ್ಡರ್ ಕೊಡಿ. ಬೇಸಿಗೆಯಲ್ಲಿ 3 ದಿನಕ್ಕೆ ಬರುವುದಾದರೆ 18ಕ್ಕೆ 12 ಕೂಡಿಸಿ 30. ಮಳೆಗಾಲದಲ್ಲಿ 7 ದಿನ ಹಿಡಿದರೆ 54. ನಮ್ಮ ಕರಾವಳಿಗೆ ಎರಡು ಲೆಕ್ಕ ಬೇಕೇ ಬೇಕು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆದಾಗ ಕುಮಟಾ ಕಡೆಯ ಲಾರಿಗಳು ಆಚೆಯೇ ನಿಂತವು.

ಹೋಲಿಕೆಯಲ್ಲೂ ಜಾಗ್ರತೆ ಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಬೈತಖೋಲ ಮೀನುಗಾರಿಕೆ ಬಂದರಿನ ಬೋಟುಗಳಿಗೆ ರೇಷನ್ ಕೊಡುವ ಅಂಗಡಿ ಜುಲೈಯನ್ನು ಮೇ ತಿಂಗಳ ಜೊತೆ ಇಡಬಾರದು, ಹಿಂದಿನ ಜುಲೈ ಜೊತೆಗೇ ಇಡಬೇಕು. ಚೌತಿಗೆ ಅದೂ ಸಾಲದು. 2024ರಲ್ಲಿ ಹಬ್ಬ ಸೆಪ್ಟೆಂಬರ್ 7ಕ್ಕೆ, 2025ರಲ್ಲಿ ಆಗಸ್ಟ್ 27ಕ್ಕೆ. ಬೆಲ್ಲ, ತುಪ್ಪದ ಲೆಕ್ಕವನ್ನು ‘ಚೌತಿಗೆ ಎಷ್ಟು ದಿನ ಮುಂಚೆ’ ಎಂಬ ಕಾಲಂ ಹಾಕಿ ನೋಡಿ.

ಕಡೆಗೆ ತಾರೀಕು. ಬಿಲ್ಲಿನ ಫೈಲನ್ನು ಗೂಗಲ್ ಶೀಟ್ಸ್‌ಗೆ ಹಾಕುವಾಗ ಅದರ ಲೊಕೇಲ್ (ಯಾವ ದೇಶದ ಪದ್ಧತಿ ಎಂಬ ಸೆಟ್ಟಿಂಗ್) ಅಮೆರಿಕ ಎಂದಿದ್ದರೆ 07-08 ಎಂಬ ಆಗಸ್ಟ್ 7 ಸದ್ದಿಲ್ಲದೆ ಜುಲೈ 8 ಆಗುತ್ತದೆ. 12ರ ನಂತರದ ತಾರೀಕುಗಳು ತಾರೀಕೇ ಆಗದೆ, ಬರೀ ಅಕ್ಷರವಾಗಿ ಕೋಶದ ಎಡಕ್ಕೆ ಅಂಟಿ ಕೂರುತ್ತವೆ. ಅಂಥದ್ದು ಒಂದು ಕಂಡರೂ ಆ ಶೀಟ್ ಅಳಿಸಿ, ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ ಭಾರತ ಎಂದು ಬದಲಿಸಿ, ಫೈಲನ್ನು ಮತ್ತೆ ಮೊದಲಿನಿಂದ ಹಾಕಿ.