ಮೂರು ತಿಂಗಳು ತುಂಬುವ ಮುನ್ನ ಮಸಾಜ್: ಫಿಸಿಯೋಥೆರಪಿ ಕೋಣೆಯಲ್ಲಿ ಕಲಿತದ್ದು

ದಾವಣಗೆರೆಯ ಹೆರಿಗೆ ಆಸ್ಪತ್ರೆಯೊಂದರ ಫಿಸಿಯೋಥೆರಪಿ ವಿಭಾಗದಲ್ಲಿ ಕೆಲಸ ಮಾಡುವ ನನಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯೊಂದಿದೆ: ಗರ್ಭ ನಿಂತ ಮೊದಲ ತಿಂಗಳುಗಳಲ್ಲಿ ಮಸಾಜ್ ಮಾಡಿಸಿಕೊಂಡರೆ ಮಗುವಿಗೆ ತೊಂದರೆಯಾಗುತ್ತದೆಯೇ? ಸೊಂಟನೋವು ತಡೆಯಲಾರದೆ ಬಂದವರು ಇದನ್ನು ಕೇಳುತ್ತಾರೆ. ಗರ್ಭಿಣಿ ಎಂದು ಗೊತ್ತಾಗುವ ಮೊದಲೇ ಎಲ್ಲೋ ಮಸಾಜ್ ಮಾಡಿಸಿಕೊಂಡು, ಟೆಸ್ಟ್‌ನಲ್ಲಿ ಎರಡು ಗೆರೆ ಕಂಡ ದಿನದಿಂದ ನಿದ್ದೆಗೆಟ್ಟು ಕುಳಿತವರೂ ಕೇಳುತ್ತಾರೆ. ಈ ಎರಡನೆಯವರ ಮುಖದಲ್ಲಿರುವ ಭಯವನ್ನು ನೋಡಿದಾಗಲೆಲ್ಲ, ಇದಕ್ಕೆ ಸರಿಯಾದ ಉತ್ತರ ಎಲ್ಲರಿಗೂ ತಿಳಿದಿರಬೇಕಿತ್ತು ಎನ್ನಿಸುತ್ತದೆ.

ಬೆನ್ನು, ಭುಜ, ಕುತ್ತಿಗೆ, ತಲೆ, ಪಾದಗಳಿಗೆ ಹಗುರವಾಗಿ ಮಾಡಿದ ಮಸಾಜ್‌ನಿಂದ ಗರ್ಭಪಾತವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಗರ್ಭ ನಿಂತಿದೆ ಎಂದು ತಿಳಿದ ಮೇಲೂ ನೂರರಲ್ಲಿ 10ರಿಂದ 20 ಗರ್ಭಗಳು ತಾವಾಗಿಯೇ ಉಳಿಯದೆ ಹೋಗುತ್ತವೆ. ಅವುಗಳಲ್ಲಿ ಹೆಚ್ಚಿನವು ಮೊದಲ 12 ವಾರಗಳೊಳಗೇ ಹೋಗುತ್ತವೆ, ಮತ್ತು ಸುಮಾರು ಅರ್ಧದಷ್ಟಕ್ಕೆ ಕಾರಣ ಭ್ರೂಣದ ವರ್ಣತಂತುಗಳಲ್ಲಿನ ದೋಷ. ತಾಯಿ ಹೇಗೆ ಮಲಗಿದಳು, ಯಾರು ಅವಳ ಬೆನ್ನು ತಿಕ್ಕಿದರು ಎಂಬುದರಿಂದ ಅದು ಬದಲಾಗುವಂಥದ್ದಲ್ಲ. ಆ ಅವಧಿಯಲ್ಲಿ ಗರ್ಭಕೋಶ ಇನ್ನೂ ಸೊಂಟದ ಎಲುಬಿನ ಗೂಡಿನೊಳಗೇ ಇರುವುದರಿಂದ ಬೆನ್ನ ಮೇಲಿನ ಕೈಯ ಒತ್ತಡ ಅದನ್ನು ಮುಟ್ಟುವುದೂ ಇಲ್ಲ. ಹಾಗಾದರೆ ಬೆಂಗಳೂರು, ಮೈಸೂರಿನ ಅನೇಕ ಸ್ಪಾಗಳು ಮೂರು ತಿಂಗಳು ತುಂಬುವವರೆಗೆ ಗರ್ಭಿಣಿಯರನ್ನು ಏಕೆ ಒಲ್ಲೆ ಎನ್ನುತ್ತವೆ? ಗರ್ಭಪಾತಗಳು ಹೆಚ್ಚಾಗಿ ಆಗುವ ಕಾಲವೇ ಅದಾದ್ದರಿಂದ, ಇಂದು ಮಸಾಜ್ ಆಗಿ ನಾಳೆ ಗರ್ಭ ಹೋದರೆ ದೂರು ತಮ್ಮ ಮೇಲೆ ಬರುತ್ತದೆ ಎಂಬ ಎಚ್ಚರಿಕೆ ಅವರದು. ಅದು ವ್ಯವಹಾರದ ಎಚ್ಚರಿಕೆ. ಅದನ್ನು ವೈದ್ಯಕೀಯ ಸತ್ಯವೆಂದು ತಿಳಿದು ಹೆಂಗಸರು ಹೆದರಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೂ, ಮೊದಲ ತಿಂಗಳುಗಳಲ್ಲಿ ಬಂದವರನ್ನು ನಾನು ಕೂಡಲೇ ಮಂಚದ ಮೇಲೆ ಮಲಗಿಸುವುದಿಲ್ಲ. ಯಾವ ನೋವಿಗಾಗಿ ಅವರು ಮಸಾಜ್ ಬಯಸಿ ಬಂದಿದ್ದಾರೋ ಆ ನೋವೇ ಕೆಲವೊಮ್ಮೆ ಬೇರೆ ಕಾಯಿಲೆಯ ಸೂಚನೆಯಾಗಿರುತ್ತದೆ. ಅದನ್ನು ಕೇಳಿ ತಿಳಿಯಲು ನಮ್ಮ ಕಡೆ ಒಂದು ಅಡ್ಡಿಯಿದೆ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎಂಬುದು ನಮ್ಮ ಮನೆಗಳ ರೂಢಿ. ದೃಷ್ಟಿಯಾದೀತು ಎಂಬ ಅಳುಕಿರಬಹುದು, ನಿಲ್ಲದಿದ್ದರೆ ಹತ್ತು ಜನರಿಗೆ ಉತ್ತರ ಹೇಳಬೇಕಲ್ಲ ಎಂಬ ಸಂಕಟವೂ ಇರಬಹುದು. ಆ ರೂಢಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದರಿಂದಾಗಿ ನಾದಿನಿಯ ಜೊತೆ ಬಂದ ಹುಡುಗಿ "ಬರೀ ಸೊಂಟನೋವು ಮೇಡಂ" ಎಂದಷ್ಟೇ ಹೇಳಿ ಸುಮ್ಮನಾಗುತ್ತಾಳೆ. ತಾಯಿ ಕಾರ್ಡ್ ಇನ್ನೂ ಮಾಡಿಸಿರುವುದಿಲ್ಲ, ಹೊಟ್ಟೆಯೂ ಕಾಣುವುದಿಲ್ಲ. ಆದ್ದರಿಂದ ಜೊತೆಯಲ್ಲಿ ಬಂದವರನ್ನು ಹೊರಗೆ ಕೂರಿಸಿ, ಪರದೆ ಎಳೆದು, "ಕೊನೆಯ ಸಲ ಮುಟ್ಟಾದದ್ದು ಯಾವಾಗಮ್ಮ?" ಎಂದು ಕೇಳುವುದು ನಮ್ಮ ವಿಭಾಗದಲ್ಲಿ ಕಡ್ಡಾಯ. ಗರ್ಭಿಣಿಯೇ ಎಂದು ನೇರವಾಗಿ ಕೇಳಿದರೆ ಹಿಂಜರಿಯುವವರು ಈ ಪ್ರಶ್ನೆಗೆ ದಿನಾಂಕ ಹೇಳುತ್ತಾರೆ.

ಮೀನಖಂಡದ ನೋವಿನ ವಿಷಯದಲ್ಲಿ ಈ ಕೇಳುವಿಕೆ ಎಷ್ಟು ಮುಖ್ಯವೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಬ್ಬಾಕೆ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ಮೇಲೆ ಎಡಗಾಲು ಹಿಡಿದುಕೊಂಡಿದೆ, ಎಣ್ಣೆ ಹಾಕಿ ಚೆನ್ನಾಗಿ ಒತ್ತಿಬಿಡಿ ಎಂದು ಕೇಳಿಕೊಂಡು ಬಂದರು. ಮುಟ್ಟಿನ ದಿನಾಂಕದ ಪ್ರಕಾರ ಒಂಬತ್ತನೆಯ ವಾರ. ವಾಂತಿ ಹೆಚ್ಚಾಗಿ ಹಲವು ದಿನಗಳಿಂದ ನೀರೂ ಸರಿಯಾಗಿ ಕುಡಿದಿರಲಿಲ್ಲ, ಹಾಸಿಗೆ ಬಿಟ್ಟು ಎದ್ದದ್ದೂ ಕಡಿಮೆ. ಕಾಲು ಮುಟ್ಟಿದರೆ ಬಲಗಾಲಿಗಿಂತ ಬೆಚ್ಚಗಿತ್ತು. ಮಂಡಿಚಿಪ್ಪಿನ ಕೆಳಗಿನ ಎಲುಬಿನ ಉಬ್ಬಿನಿಂದ ಹತ್ತು ಸೆಂಟಿಮೀಟರ್ ಕೆಳಗೆ ಎರಡೂ ಕಾಲುಗಳ ಮೇಲೆ ಪೆನ್ನಿನಿಂದ ಗುರುತು ಹಾಕಿ ಟೇಪಿನಿಂದ ಸುತ್ತಳತೆ ತೆಗೆದಾಗ ಎಡಗಾಲು ಮೂರು ಸೆಂಟಿಮೀಟರಿಗಿಂತ ಹೆಚ್ಚು ದಪ್ಪವಿತ್ತು. ಕಾಲಿಗೆ ಕೈ ಹಾಕದೆ, ನಡೆಸದೆ, ಗಾಲಿಕುರ್ಚಿಯಲ್ಲಿ ವೈದ್ಯರ ಬಳಿಗೆ ಕಳುಹಿಸಿದೆ. ಡಾಪ್ಲರ್ ಸ್ಕ್ಯಾನ್‌ನಲ್ಲಿ ಆಳದ ರಕ್ತನಾಳದಲ್ಲಿ ಹೆಪ್ಪು ಕಂಡಿತು. ಹೆಪ್ಪು ಬೆಳೆಯದಂತೆ ತಡೆಯುವ, ಮಗುವನ್ನು ತಲುಪದ ಹೆಪಾರಿನ್ ಇಂಜೆಕ್ಷನ್ ಅಂದೇ ಶುರುವಾಯಿತು. ಗರ್ಭಿಣಿಯರಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಅದೇ ವಯಸ್ಸಿನ ಇತರ ಹೆಂಗಸರಿಗಿಂತ ನಾಲ್ಕೈದು ಪಟ್ಟು ಹೆಚ್ಚು, ಮತ್ತು ಅದು ಮೊದಲ ತಿಂಗಳುಗಳಿಂದಲೇ ಆರಂಭವಾಗುತ್ತದೆ. ಎಡಗಾಲಿನಿಂದ ರಕ್ತ ತರುವ ದೊಡ್ಡ ಅಭಿಧಮನಿಯ ಮೇಲೆ ಬಲಗಾಲಿಗೆ ಹೋಗುವ ಅಪಧಮನಿ ಅಡ್ಡಲಾಗಿ ಹಾದುಹೋಗುವುದರಿಂದ ಬಹುಪಾಲು ಹೆಪ್ಪುಗಳು ಎಡಗಾಲಿನಲ್ಲೇ ಆಗುತ್ತವೆ. ಅಂಥ ಕಾಲನ್ನು ಒತ್ತಿ ತಿಕ್ಕಿದರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಗರ್ಭಿಣಿಯ ಮೀನಖಂಡ, ತೊಡೆಗಳಿಗೆ ನಾವು ಗಟ್ಟಿಯಾದ ಒತ್ತಡ ಕೊಡದಿರುವುದಕ್ಕೆ ಕಾರಣ ಇದು.

ಸೊಂಟ, ಕಿಬ್ಬೊಟ್ಟೆಯ ನೋವಿಗೂ ಇದೇ ಮಾತು. ಒಂದೇ ಪಕ್ಕದಲ್ಲಿ ನೋವು, ಜೊತೆಗೆ ಚುಕ್ಕೆ ಚುಕ್ಕೆಯಾಗಿ ರಕ್ತ, ತಲೆಸುತ್ತು, ಭುಜದ ತುದಿಯಲ್ಲಿ ನೋವು ಇದ್ದರೆ ಗರ್ಭವು ಗರ್ಭಕೋಶದ ಬದಲು ಅದರ ಪಕ್ಕದ ನಾಳದಲ್ಲಿ ನಿಂತಿರಬಹುದು, ನಾಳ ಒಡೆದರೆ ಜೀವಕ್ಕೇ ಅಪಾಯ. ಪಕ್ಕೆಲುಬಿನ ಕೆಳಗೆ ಬೆನ್ನುನೋವಿನ ಜೊತೆ ಚಳಿಜ್ವರ, ಉರಿಮೂತ್ರ ಇದ್ದರೆ ಅದು ಮೂತ್ರಪಿಂಡದ ಸೋಂಕಿರಬಹುದು. ಇವರಿಗೆ ನಮ್ಮ ಕೋಣೆಯಲ್ಲಿ ಕೆಲಸವಿಲ್ಲ. ವೈದ್ಯರು, ಸ್ಕ್ಯಾನ್, ಮೂತ್ರಪರೀಕ್ಷೆ ಮೊದಲು.

ನಮ್ಮ ಸೀಮೆಯಲ್ಲಿ ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡುವುದು ಬಟ್ಟಿ ತೆಗೆಯುವ, ಅಂದರೆ ಹೊಕ್ಕುಳು ಜಾರಿದೆಯೆಂದು ಹೊಟ್ಟೆ ತಿಕ್ಕಿ ಕೂರಿಸುವ ಪದ್ಧತಿ. ಎರಡನೆಯ ತಿಂಗಳಲ್ಲಿ ವಾಂತಿ, ಹೊಟ್ಟೆ ತೊಳಸು ಶುರುವಾದಾಗ ಅದು ಬಸಿರಿನ ಬಯಕೆಯೆಂದು ತಿಳಿಯದೆ, ಬಟ್ಟಿ ಜಾರಿದೆ ಎಂದು ಹೊಕ್ಕುಳ ಸುತ್ತ ಬೆರಳುಗಳನ್ನು ಊರಿ ತಿಕ್ಕುತ್ತಾರೆ. ಒಮ್ಮೆ ಒಬ್ಬ ಅತ್ತೆ ಸೊಸೆಯನ್ನು ಕರೆತಂದು, "ಇಕಿಗೆ ಬಟ್ಟಿ ಜಾರೈತಿ ಮೇಡಂ, ನೀವು ಓದಿದವ್ರು, ನೀವೇ ಸರಿಯಾಗಿ ತಿಕ್ಕಿ ಕೂಡಸ್ರಿ" ಎಂದರು. "ಅಮ್ಮಾ, ಮೊದಲು ಒಂದು ಮೂತ್ರಪರೀಕ್ಷೆ ಮಾಡಿಸೋಣ, ಆಮೇಲೆ ನೋಡೋಣ" ಎಂದೆ. ಅರ್ಧ ಗಂಟೆಯಲ್ಲಿ ಅವರ ಮುಖ ಅರಳಿತ್ತು. ಬಲವಾಗಿ ಹೊಟ್ಟೆ ಒತ್ತುವುದನ್ನು ಹಗುರವಾದ ಮಸಾಜ್‌ನ ಜೊತೆ ಸೇರಿಸಿ ನೋಡಬಾರದು. ಥಾಯ್ಲೆಂಡ್, ಫಿಲಿಪೀನ್ಸ್‌ನಂತಹ ದೇಶಗಳಲ್ಲಿ ಬೇಡದ ಗರ್ಭವನ್ನು ತೆಗೆಸಲು ಹೊಟ್ಟೆಯನ್ನು ಜೋರಾಗಿ ತಿಕ್ಕುವ ಹಳೆಯ ಪದ್ಧತಿ ದಾಖಲಾಗಿದೆ, ಅದರಿಂದ ರಕ್ತಸ್ರಾವ, ಗರ್ಭಕೋಶಕ್ಕೆ ಗಾಯ ಆದದ್ದೂ ದಾಖಲಾಗಿದೆ. ಮೊದಲ ಮೂರು ತಿಂಗಳಲ್ಲಿ ಹೊಟ್ಟೆಯ ಮೇಲೆ ಒತ್ತಡ ಬೇಡವೇ ಬೇಡ.

ಶಾಖದ ಬಗ್ಗೆಯೂ ಎಚ್ಚರ ಬೇಕು. ಮಗುವಿನ ಮೆದುಳು, ಬೆನ್ನುಹುರಿಯಾಗಬೇಕಾದ ನರಕೊಳವೆ ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಆ ದಿನಗಳಲ್ಲಿ ತಾಯಿಯ ಮೈಯ ಒಳಶಾಖ 39 ಡಿಗ್ರಿ ಸೆಲ್ಸಿಯಸ್ ದಾಟುವುದು ಒಳ್ಳೆಯದಲ್ಲ, ಆದ್ದರಿಂದ ಎಣ್ಣೆ ಮಸಾಜ್ ಆದ ಮೇಲೆ ಹಬೆ ಪೆಟ್ಟಿಗೆಯಲ್ಲಿ ಕೂರಿಸುವುದು ಬೇಡ. ಉಗುರುಬೆಚ್ಚಗಿನ ಎಣ್ಣೆ, ಬೆಚ್ಚಗಿನ ನೀರಿನ ಸ್ನಾನಕ್ಕೆ ಅಡ್ಡಿಯಿಲ್ಲ. ಎಳ್ಳೆಣ್ಣೆ ಉಷ್ಣವೆಂದು ಅಂಜುವವರಿಗೆ ಕೊಬ್ಬರಿ ಎಣ್ಣೆಯನ್ನೇ ಬಳಸುತ್ತೇನೆ, ಆದರೆ ಚರ್ಮಕ್ಕೆ ಹಚ್ಚಿದ ಎಳ್ಳೆಣ್ಣೆಯಿಂದ ಗರ್ಭಕ್ಕೆ ಕೆಡುಕಾಗುತ್ತದೆ ಎನ್ನಲು ಆಧಾರವಿಲ್ಲ. ನೋವಿನ ಮುಲಾಮು, ಜೆಲ್‌ಗಳಲ್ಲಿ ಔಷಧವಿರುವುದರಿಂದ ವೈದ್ಯರನ್ನು ಕೇಳದೆ ಹಚ್ಚುವುದಿಲ್ಲ. ಕಣಕಾಲಿನ ಒಳಬದಿಯ ಗಂಟಿನಿಂದ ನಾಲ್ಕು ಬೆರಳು ಮೇಲಿನ ಜಾಗವನ್ನು ಒತ್ತಿದರೆ ಗರ್ಭ ಜಾರುತ್ತದೆ ಎಂಬ ಮಾತನ್ನು ಅನೇಕರು ಕೇಳಿರುತ್ತಾರೆ. ದಿನ ತುಂಬಿದವರಲ್ಲಿ ಹೆರಿಗೆ ಆರಂಭಿಸಲೆಂದು ಒತ್ತಿ ನೋಡಿದ ಅಧ್ಯಯನಗಳಲ್ಲೂ ಸ್ಪಷ್ಟ ಪರಿಣಾಮ ಕಂಡಿಲ್ಲ. ಆದರೂ ತಾಯಿಯ ಮನಸ್ಸಿಗೆ ಅಳುಕು ಉಳಿಯಬಾರದೆಂದು ಆ ಜಾಗವನ್ನು ಬಿಟ್ಟುಬಿಡುತ್ತೇವೆ.

ಈ ಯಾವ ತೊಡಕೂ ಇಲ್ಲದವರಿಗೆ ಮಸಾಜ್ ನಿಜವಾಗಿಯೂ ಹಿತ ಕೊಡುತ್ತದೆ. ಪಕ್ಕಕ್ಕೆ ಮಲಗಿಸಿ, ಮಂಡಿಗಳ ನಡುವೆ ದಿಂಬಿಟ್ಟು, ಇಪ್ಪತ್ತು ನಿಮಿಷ ಬೆನ್ನು, ಭುಜಗಳಿಗೆ ಹಗುರವಾಗಿ ಕೈಯಾಡಿಸುತ್ತೇವೆ. ಈ ತಿಂಗಳುಗಳಲ್ಲಿ ಅಂಗಾತ ಮಲಗಲು ತೊಂದರೆಯಿಲ್ಲ, ಅದನ್ನು ತಪ್ಪಿಸಬೇಕಾದದ್ದು 20 ವಾರಗಳ ನಂತರ. ಬೋರಲು ಮಲಗಲು ಮಾತ್ರ ಎದೆ ನೋಯುವುದರಿಂದ ಹೆಚ್ಚಿನವರು ಒಪ್ಪುವುದಿಲ್ಲ. ವಾಸನೆಗೇ ವಾಂತಿ ಬರುವವರಿಗೆ ಸುಗಂಧದ ಎಣ್ಣೆ ತೆಗೆಯುವುದೇ ಇಲ್ಲ. ಮುಗಿದ ಮೇಲೆ ಸ್ವಲ್ಪ ಹೊತ್ತು ಕೂರಿಸಿ, ತಲೆಸುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಇಳಿಸುತ್ತೇವೆ.

ಯಾವ ದಿನ, ಎಷ್ಟನೆಯ ವಾರ, ಯಾವ ಭಾಗಕ್ಕೆ, ಎಷ್ಟು ಹೊತ್ತು ಎಂಬುದನ್ನು ಕೇಸ್ ಶೀಟ್‌ನಲ್ಲಿ ಬರೆಯುವಂತೆ ತರಬೇತಿಗೆ ಬರುವ ವಿದ್ಯಾರ್ಥಿಗಳಿಗೆ ಒತ್ತಿ ಹೇಳುತ್ತೇನೆ. ಗರ್ಭ ಉಳಿಯದೆ ಹೋದಾಗ "ಅಲ್ಲಿ ಹೋಗಿ ತಿಕ್ಕಿಸಿಕೊಂಡಿದ್ದಕ್ಕೇ ಹೀಗಾಯಿತು" ಎಂಬ ಮಾತು ಮನೆಯಲ್ಲಿ ಬೇಗ ಹುಟ್ಟುತ್ತದೆ, ಮತ್ತು ಅದನ್ನು ಕೇಳಬೇಕಾದವಳು ಆಗತಾನೆ ಗರ್ಭ ಕಳೆದುಕೊಂಡವಳು. ಆ ಹಾಳೆ ಕೈಯಲ್ಲಿದ್ದರೆ ವೈದ್ಯರು ಗಂಡನನ್ನೂ ಅತ್ತೆಯನ್ನೂ ಎದುರಿಗೆ ಕೂರಿಸಿಕೊಂಡು, ಮಾಡಿದ್ದು ಇಷ್ಟು, ಇದರಿಂದ ಹಾಗಾಗುವುದಿಲ್ಲ ಎಂದು ತೋರಿಸಿ ಹೇಳಬಲ್ಲರು.